ಮೇಸ್ತ್ರಿ ನುಂಗದ ಮಾತ್ರೆಗಳು

ಮರ ಕಡೆಯುವ ಲೇತಿನ ಸದ್ದು ಕೇಳಿಸಿದರೆ ಮೇಸ್ತ್ರಿ ಚೆನ್ನಾಗಿದ್ದಾರೆ ಎಂದರ್ಥ. ಚನ್ನಪಟ್ಟಣದ ಆ ಓಣಿಯ ತಿರುವಿನಲ್ಲೇ ಅದನ್ನು ಕೇಳಿಸಿಕೊಂಡು, ಮನೆ ತಲುಪುವುದರೊಳಗೆ ಅರ್ಧ ವರದಿಯನ್ನು ಮನಸ್ಸಿನಲ್ಲೇ ಬರೆದು ಮುಗಿಸುವುದು ನನಗೆ ಅಭ್ಯಾಸವಾಗಿತ್ತು.

ಮನೋರೋಗಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರ ಮನೆಗಳಿಗೆ ಹೋಗಿ ವಿಚಾರಿಸುವುದು ನನ್ನ ಕೆಲಸ. ಮಾತ್ರೆ ನುಂಗುತ್ತಿದ್ದಾರೆಯೇ, ನಿದ್ದೆ ಬರುತ್ತಿದೆಯೇ, ದುಡಿಯುತ್ತಿದ್ದಾರೆಯೇ ಎಂದು ಕೇಳಿ ಕಡತಕ್ಕೆ ಬರೆದು, ಪ್ರತಿ ಗುರುವಾರ ಬರುವ ಮನೋವೈದ್ಯರ ಮುಂದಿಡಬೇಕು. ಮಾತ್ರೆ ಮುಗಿದ ಖಾಲಿ ಸ್ಟ್ರಿಪ್‌ಗಳನ್ನು ಎಸೆಯದೆ ನಮಗೆ ತೋರಿಸಬೇಕೆಂಬ ನಿಯಮವನ್ನು ತಂದವಳು ನಾನೇ. ಮೇಸ್ತ್ರಿ ಅದರಲ್ಲಿ ಎತ್ತಿದ ಕೈ. ಖಾಲಿ ಸ್ಟ್ರಿಪ್‌ಗಳನ್ನು ರಬ್ಬರ್ ಬ್ಯಾಂಡ್ ಹಾಕಿ, ಗೂಡಿನಲ್ಲಿಟ್ಟು, ನಾನು ಕೂರುವ ಮೊದಲೇ ಕೈಗೆ ಕೊಡುತ್ತಿದ್ದರು. ಒಂದು ಕಾಲದಲ್ಲಿ ಮೂರು ದಿನ ಮನೆಯ ಮಾಡಿನ ಮೇಲೆ ಕೂತು ಇಳಿಯಲೊಪ್ಪದಿದ್ದ ಮನುಷ್ಯ ಈಗ ಹಾಲೆ ಮರ ಕಡೆದು, ಅರಗಿನ ಬಣ್ಣ ಕೊಟ್ಟು, ಮಕ್ಕಳ ಗಿಲಕಿ ಮಾಡಿ ಸಂಸಾರ ಸಾಕುತ್ತಿದ್ದರು. ಹೊಸಬರಿಗೆ ತರಬೇತಿ ಕೊಡುವಾಗ ಹೆಸರು ಹೇಳದೆ ನಾನು ಕೊಡುತ್ತಿದ್ದ ಉದಾಹರಣೆ ಅವರದೇ. ನನ್ನ ಕೇಸು ಎನ್ನುತ್ತಿದ್ದೆ.

ಹಾಗೆ ತರಬೇತಿ ಪಡೆದವರಲ್ಲಿ ಕೋಡಿಹಳ್ಳಿ ಕಡೆಯ ಒಬ್ಬ ನರ್ಸ್ ಇದ್ದಳು. ನನಗಿಂತ ಆರು ವರ್ಷ ಚಿಕ್ಕವಳು. ನಾನು ಸಮಾಜಕಾರ್ಯದಲ್ಲಿ ಎಂ.ಎ. ಓದಿ ಪ್ರಶ್ನಾವಳಿ ಹಿಡಿದು ಕೇಳುತ್ತಿದ್ದುದನ್ನು ಅವಳು ಮನೆಯವರ ಜೊತೆ ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು. ಸೇರಿ ಎಂಟು ತಿಂಗಳಾಗಿರಲಿಲ್ಲ, ಮಾಗಡಿಯಿಂದ ಕನಕಪುರದವರೆಗೆ ಯಾವ ಮನೆಗೆ ಹೋದರೂ ಅವಳ ಸುದ್ದಿ. ಒಮ್ಮೆ ನಾನೊಬ್ಬಳೇ ಹೋದಾಗ ಮೇಸ್ತ್ರಿಯ ಹೆಂಡತಿ ಬಾಗಿಲಲ್ಲೇ ನಿಂತು ನನ್ನ ಬೆನ್ನ ಹಿಂದೆ ನೋಡಿದರು. "ಆ ಹುಡುಗಿ ಬರ್ಲಿಲ್ವಾ?"

"ಬೇರೆ ಕಡೆ ಕೆಲಸ ಇದೆ" ಎಂದೆ. ನಾನು ಬರದ ದಿನ ನನ್ನನ್ನು ಯಾರಾದರೂ ಹೀಗೆ ಕೇಳಿದ್ದರೇ ಎಂದು ತಿಳಿಯುವ ದಾರಿ ಇರಲಿಲ್ಲ. ಕೇಳಿರಲಿಕ್ಕಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡೆ. ಅಂದು ಅವರು ಕೊಟ್ಟ ಟೀ ಕುಡಿಯದೆ ಎದ್ದುಬಂದೆ.

ಎದೆಯುರಿಯ ಮಾತು ಮೊದಲು ಬಂದದ್ದು ನನ್ನ ಹತ್ತಿರವೇ. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ.

"ಮೇಡಂ, ರಾತ್ರಿ ಆ ಮಾತ್ರೆ ಹಾಕ್ಕಂಡು ಮಲಗಿದ್ರೆ ಇಲ್ಲಿಂದ ಇಲ್ಲಿಗಂಟ ಉರಿ" ಎಂದು ಮೇಸ್ತ್ರಿ ಹೊಟ್ಟೆಯ ಮೇಲ್ಭಾಗದಿಂದ ಗಂಟಲಿನವರೆಗೆ ಬೆರಳೆಳೆದು ತೋರಿಸಿದರು. "ಬಿಸಿ ಅರಗು ಸವರಿದಂಗೆ."

"ಖಾರ ಜಾಸ್ತಿ ತಿಂತೀರಾ?"

"ತಿಂತೀವಿ. ಮೊದಲೂ ತಿಂತಿದ್ವಲ್ಲ."

"ಕಡಿಮೆ ಮಾಡಿ. ಊಟ ಆದ್ಮೇಲೆ ಮಜ್ಜಿಗೆ ಕುಡೀರಿ."

ಈ ಜಾತಿಯ ಔಷಧಿಗಳಿಂದ ಕೆಲವರಿಗೆ ಅಜೀರ್ಣ, ಎದೆಯುರಿ ಬರಬಹುದೆಂದು ನನಗೆ ಗೊತ್ತಿತ್ತು. ಆದರೆ ನಮ್ಮ ನಮೂನೆಯಲ್ಲಿ ತೂಕಕ್ಕೆ, ನಿದ್ದೆಗೆ, ಕೈನಡುಕಕ್ಕೆ ಕಾಲಂ ಇತ್ತು. ಎದೆಯುರಿಗೆ ಇರಲಿಲ್ಲ. 'ಇತರೆ' ಎಂಬಲ್ಲಿ 'ಆಹಾರ ಪದ್ಧತಿ, ಸಲಹೆ ನೀಡಲಾಗಿದೆ' ಎಂದು ಬರೆದೆ. ಮುಂದಿನ ಭೇಟಿಯಲ್ಲಿ ಅವರು ಮತ್ತೆ ಅದನ್ನೇ ಹೇಳಿದರು, ನಾನು ಮತ್ತೆ ಅದನ್ನೇ ಬರೆದೆ. ಮೊದಲೂ ಖಾರ ತಿನ್ನುತ್ತಿದ್ದರು, ಆಗ ಉರಿ ಇರಲಿಲ್ಲ ಎಂದು ಆ ಮನುಷ್ಯ ಸ್ಪಷ್ಟವಾಗಿ ಹೇಳಿದ್ದರು. ಮೂರನೇ ಭೇಟಿಯಲ್ಲಿ ಅವರು ಏನೂ ಹೇಳಲಿಲ್ಲ. ವಾಸಿಯಾಗಿದೆ ಎಂದುಕೊಂಡೆ.

ಅದಾದ ಮೇಲೆ ಒಂದು ಸೋಮವಾರ ಕುದೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನರ್ಸಿನಿಂದ ಮೆಸೇಜ್ ಬಂತು.

"ಅಕ್ಕ, ಮೇಸ್ತ್ರಿಗೆ ಮಾತ್ರೆ ತಗಂಡ್ರೆ ಎದೆ ಉರಿ ತುಂಬ ಐತೆ. ಶುಕ್ರವಾರದಿಂದ ನುಂಗ್ತಿಲ್ವಂತೆ. ಯಾರ್ಗೂ ಹೇಳ್ಬೇಡ ಅಂದವ್ರೆ, ನಿಮಗೆ ಹೇಳ್ದೆ ಇರಕಾಯ್ತದಾ. ಡಾಕ್ಟ್ರಿಗೆ ಒಸಿ ಹೇಳ್ಬುಡಿ."

ನಾನು ಅದನ್ನು ಮೂರು ಸಲ ಓದಿದೆ. ಮಾತ್ರೆ ಬಿಟ್ಟರೆ ಏನಾಗಬಹುದೆಂಬುದು ನನ್ನ ತಲೆಗೆ ಬರಬೇಕಿತ್ತು. ಬಂದದ್ದು ಬೇರೆ. ನನಗೆ ಹೇಳಿದ್ದನ್ನು ಅವಳಿಗೂ ಹೇಳಿದ್ದಾರೆ, ನನಗೆ ಹೇಳದ್ದನ್ನು ಅವಳಿಗೆ ಮಾತ್ರ ಹೇಳಿದ್ದಾರೆ. 'ಯಾರಿಗೂ ಹೇಳಬೇಡ' ಎನ್ನುವಷ್ಟು ಸಲಿಗೆ ಯಾವಾಗ ಬೆಳೆಯಿತು? ಆ 'ಯಾರಿಗೂ' ಎಂಬುದರಲ್ಲಿ ನಾನೂ ಇದ್ದೇನಲ್ಲ? ಉತ್ತರವಾಗಿ ಹೆಬ್ಬೆಟ್ಟಿನ ಚಿತ್ರ ಒತ್ತಿ ಫೋನು ಬ್ಯಾಗಿಗೆ ಹಾಕಿದೆ.

ಬುಧವಾರ ನಾನೇ ಹೋದೆ. ಲೇತು ತಿರುಗುತ್ತಿತ್ತು. "ಮಾತ್ರೆ ತಗೋತಿದೀರಾ?" ಎಂದೆ. ಮೇಸ್ತ್ರಿ ಗೂಡಿನಿಂದ ಸ್ಟ್ರಿಪ್‌ಗಳನ್ನು ತೆಗೆದುಕೊಟ್ಟರು. ದಿನ ಲೆಕ್ಕ ಹಾಕಿದೆ, ಸರಿಯಾಗಿ ಖಾಲಿ. ಆಗ ನನಗಾದ ಖುಷಿಯನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಅದು ರೋಗಿ ಔಷಧಿ ತಪ್ಪಿಸಿಲ್ಲವೆಂಬ ಖುಷಿಯಲ್ಲ, ಅವಳು ತಪ್ಪು ಎಂಬುದಕ್ಕೆ ಸಾಕ್ಷಿ ಸಿಕ್ಕಿದ ಖುಷಿ.

ಮರುದಿನ ಮನೋವೈದ್ಯರಿಗೆ ಈ ವಿಷಯ ಹೇಳಲಿಲ್ಲ. ನರ್ಸನ್ನು ಮಾತ್ರ ಪಕ್ಕಕ್ಕೆ ಕರೆದು, "ಪೇಷಂಟ್ ಹೇಳಿದ್ದನ್ನೆಲ್ಲ ನಂಬಬಾರದು. ಸ್ಟ್ರಿಪ್ ನೋಡಬೇಕು. ಆ ಕೇಸು ನನಗೆ ಬಿಡು" ಎಂದೆ.

"ನುಂಗ್ತಾವ್ರೆ ಅಂದ್ರೆ ಸರಿ ಬುಡಿ ಅಕ್ಕ" ಎಂದಳು. ಅವಳ ಮುಖದಲ್ಲಿ ನಂಬಿಕೆ ಇರಲಿಲ್ಲ. ಹತ್ತು ದಿನ ಸುಮ್ಮನಿದ್ದವಳು ಒಂದು ಸಂಜೆ ಬಂದು, "ಬೈಕಂಡ್ರೂ ಪರ್ವಾಗಿಲ್ಲ, ಮಂಗಳವಾರ ಇಬ್ರೂ ಒಂದ್ಸಲ ಹೋಗಿ ಬರಣ" ಎಂದು ಹಟ ಹಿಡಿದಳು.

ಆ ಮಂಗಳವಾರ ಬೆಳಗ್ಗೆ ಓಣಿಯ ತಿರುವಿನಲ್ಲಿ ಮೇಸ್ತ್ರಿಯ ಲೇತು ಕೇಳಿಸಲಿಲ್ಲ. ಕರೆಂಟ್ ಹೋಗಿರಬೇಕು ಎಂದೆ. "ಪಕ್ಕದ ಮನೇದು ತಿರುಗ್ತಾ ಐತಲ್ಲಕ್ಕ" ಎಂದಳು ನರ್ಸ್.

ಮೇಸ್ತ್ರಿ ಕೆಲಸದ ಕೋಣೆಯ ಗೋಡೆಗೊರಗಿ ಕೂತಿದ್ದರು. ಕಣ್ಣು ಕೆಂಪಾಗಿದ್ದವು. ಹೆಂಡತಿ ಟೀ ತಂದಾಗ, "ನೀನು ಮೊದಲು ಕುಡಿ" ಎಂದರು. ಆಕೆ ನಮ್ಮ ಮುಂದೆ ನಾಚಿಕೊಂಡು ಒಂದು ಗುಟುಕು ಕುಡಿದು, "ನಾಕು ದಿನದಿಂದ ಹಿಂಗೇ. ಊಟಕ್ಕೆ ಏನೋ ಹಾಕ್ತೀಯ, ಅದಕ್ಕೇ ಎದೆ ಉರೀತದೆ ಅಂತಾರೆ" ಎಂದು ಒಳಗೆ ಹೋದರು. ಹನ್ನೊಂದು ತಿಂಗಳ ಮಗಳು ನೆಲದ ಮೇಲೆ ನನ್ನ ಪಕ್ಕದಲ್ಲೇ ಕೂತು ಕೆಂಪು ಗಿಲಕಿಯೊಂದನ್ನು ಹೊಸ್ತಿಲಿನ ಕಲ್ಲಿಗೆ ಕುಟ್ಟುತ್ತಿತ್ತು.

ನರ್ಸ್ ಮೇಸ್ತ್ರಿಯ ಎದುರು ಕುಕ್ಕರಗಾಲಿನಲ್ಲಿ ಕೂತು ಮೆಲ್ಲಗೆ ಕೇಳಿದಳು. "ಅಣ್ಣ, ಮಾತ್ರೆ ಬುಟ್ಟಿದ್ದೀರ ಅಲ್ವಾ?"

ಮೇಸ್ತ್ರಿ ನನ್ನ ಕಡೆ ನೋಡಿದರು. ನಾನು ನಡುವೆ ಬಾಯಿ ಹಾಕಿದೆ. "ಸ್ಟ್ರಿಪ್ ತನ್ನಿ. ಅದನ್ನ ನೋಡಿದ್ರೆ ಗೊತ್ತಾಗತ್ತೆ."

"ಸ್ಟ್ರಿಪ್ ಖಾಲಿ ಇರ್ತದೆ ಅಕ್ಕ. ಅದಲ್ಲ ನಾನು ಕೇಳ್ತಿರೋದು."

ಎಂಟು ತಿಂಗಳ ಹಿಂದೆ ಬಂದವಳು, ರೋಗಿಯ ಮುಂದೆ, ನನಗೆ! ಅವಳಿಗೆ ಕೊಡಬೇಕಾದ ಉತ್ತರವನ್ನು ನಾನು ಮನಸ್ಸಿನಲ್ಲಿ ಜೋಡಿಸತೊಡಗಿದೆ. ಗಿಲಕಿಯ ಸದ್ದು ನನ್ನ ಕಿವಿಗೆ ಬೀಳುತ್ತಲೇ ಇತ್ತು. ಒಳಗೆ ಗಟ್ಟಿ ಮಣಿ ಇರುವ ಗಿಲಕಿ ಕಣಕಣ ಎನ್ನುತ್ತದೆ. ಇದು ಹಾಗಿರಲಿಲ್ಲ, ಸುಣ್ಣದ ಚೂರು ಅಲುಗಿದಂತೆ ಮಂಕಾಗಿತ್ತು. ಆಮೇಲೆ ಟಪ್ ಎಂದಿತು. ಅದನ್ನೂ ಕೇಳಿದೆ. ಮಗು ಏನನ್ನೋ ಹೆಕ್ಕಿ ಬಾಯಿಗೆ ಹಾಕಿದ್ದು ಕಣ್ಣಂಚಿನಲ್ಲಿ ಕಂಡಿತು. ಕಂಡಿತು ಎಂದು ಬರೆಯಲು ನನಗೆ ಬಹಳ ದಿನ ಬೇಕಾಯಿತು. ನಾನು ಉತ್ತರದ ಎರಡನೇ ವಾಕ್ಯದಲ್ಲಿದ್ದೆ.

"ಅಕ್ಕ, ಮಗು ಬಾಯಿ!"

ಕೋಣೆಯ ಆ ತುದಿಯಿಂದ ಹಾರಿ ಬಂದವಳು ಅವಳು. ಕೈಚಾಚಿದರೆ ಸಿಗುವಷ್ಟು ಹತ್ತಿರವಿದ್ದವಳು ನಾನು. ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ, ಕೆನ್ನೆಯ ಒಳಗೆ ಕಿರುಬೆರಳಿಟ್ಟು ಎಳೆದಳು. ಹಳದಿ ಬಣ್ಣದ ದುಂಡನೆಯ ಮಾತ್ರೆ, ಎಂಜಲಿನಲ್ಲಿ ಅರ್ಧ ಕರಗಿದ್ದು, ಅವಳ ಅಂಗೈಗೆ ಬಂತು. ಸೀಳಿದ ಗಿಲಕಿಯಿಂದ ಇನ್ನೆರಡು ನೆಲಕ್ಕೆ ಬಿದ್ದಿದ್ದವು.

ಮೇಸ್ತ್ರಿ ಎದ್ದು ನಿಂತು ಹೆಂಡತಿಯನ್ನು ಕೂಗಿದರು. "ಅದು ಒಲೆಗೆ ಹಾಕೋ ಮಾಲು! ಅದನ್ನ ಯಾಕೆ ಕೊಟ್ಟೆ?"

ಆಕೆಗೆ ಏನೂ ಅರ್ಥವಾಗಲಿಲ್ಲ. "ಸೀಳು ಬಿದ್ದಿದ್ದನ್ನ ಯಾವತ್ತೂ ಮಗೂಗೇ ತಾನೇ ಕೊಡೋದು?"

ಆ ಓಣಿಯಲ್ಲಿ ಎಲ್ಲರ ಮನೆಯ ಪದ್ಧತಿ ಅದು. ಒಳ್ಳೆಯ ಮಾಲು ಅಂಗಡಿಗೆ, ಸೀಳಿದ್ದು, ಬಣ್ಣ ಕೆಟ್ಟಿದ್ದು ಮನೆಯ ಮಕ್ಕಳಿಗೆ. ಮೇಸ್ತ್ರಿ ಪ್ರತಿ ರಾತ್ರಿ ಸ್ಟ್ರಿಪ್ಪಿನಿಂದ ಒಂದು ಮಾತ್ರೆ ತೆಗೆದು, ಬೆಳಗ್ಗೆ, ಕೆಲವೊಮ್ಮೆ ಎರಡು ಮೂರು ದಿನದ್ದನ್ನು ಒಟ್ಟಿಗೆ, ಮಣಿಯ ಜಾಗದಲ್ಲಿ ಹಾಕಿ, ಅಂಟು ಹಚ್ಚಿ ಮುಚ್ಚಿ, ಸೀಳಿದ ಗಿಲಕಿಗಳ ಬುಟ್ಟಿಗೆ ಎಸೆಯುತ್ತಿದ್ದರು. ಬುಟ್ಟಿ ತುಂಬಿದ ಮೇಲೆ ಅರಗು ಕಾಯಿಸುವ ಒಲೆಗೆ ಸುರಿಯುವ ಯೋಚನೆ.

"ಚರಂಡಿಗೆ ಹಾಕಿದ್ರೆ ಕೋಳಿ ಹೆಕ್ತವೆ. ಕಸಕ್ಕೆ ಹಾಕಿದ್ರೆ ಇವಳು ನೋಡ್ತಾಳೆ" ಎಂದರು. "ನಿಮಗೆ ಖಾಲಿ ಸ್ಟ್ರಿಪ್ ಬೇಕಲ್ಲ ಮೇಡಂ."

ವಾಂತಿ ಮಾಡಿಸಬೇಡಿ ಎಂದು ನರ್ಸ್ ಎಲ್ಲರಿಗಿಂತ ಮೊದಲು ಹೇಳಿದಳು. ಬಾಯಿ ಒರೆಸಿ, ಉಳಿದ ಚೂರು ಹುಡುಕಿ, ಮಗುವನ್ನೂ ತಾಯಿಯನ್ನೂ ಆಟೋ ಹತ್ತಿಸಿಕೊಂಡು ರಾಮನಗರದ ಆಸ್ಪತ್ರೆಗೆ ಹೊರಟಳು. "ಅಕ್ಕ, ನೀವು ಇಲ್ಲೇ ಇದ್ದು ಎಣಿಸಿ. ಎಷ್ಟಿದ್ವು, ಎಷ್ಟು ಸಿಕ್ಕವೆ, ಎರಡೂ ಬೇಕು."

ನಾನು ಮತ್ತು ಮೇಸ್ತ್ರಿ ಬುಟ್ಟಿ ಸುರಿದುಕೊಂಡು ಕೂತೆವು. ಅವರು ಒಂದೊಂದೇ ಗಿಲಕಿಯನ್ನು ಉಳಿಯಿಟ್ಟು ಸೀಳಿದರು, ನಾನು ಸ್ಟೀಲ್ ತಟ್ಟೆಯಲ್ಲಿ ಹಿಡಿದೆ. ಕೆಲವುಗಳಲ್ಲಿ ಒಂದು, ಕೆಲವುಗಳಲ್ಲಿ ಎರಡು. ನಿದ್ದೆಗೆಟ್ಟಿದ್ದರೂ ಉಳಿ ಒಮ್ಮೆಯೂ ಜಾರಲಿಲ್ಲ. ಕೆಲಸ ಅವರ ಕೈಯಲ್ಲಿ ಹಾಗೆ ಕೂತಿತ್ತು. ಅಷ್ಟರಲ್ಲಿ ಅವರ ಹೆಂಡತಿಯ ಅಣ್ಣ ಸುದ್ದಿ ತಿಳಿದು ಓಡಿ ಬಂದರು. ಅದೇ ಓಣಿಯಲ್ಲಿ ಮರದ ವ್ಯಾಪಾರ ಮಾಡುವವರು.

"ಏನ್ಲಾ ಮಾಡ್ದೆ ನನ್ನ ತಂಗಿ ಮಗೀಗೆ?"

"ಭಾಯ್, ಅಲ್ಲಾ ಕಸಮ್, ಒಲೆಗೆ ಹಾಕಕ್ಕೆ ಇಟ್ಟಿದ್ದೆ."

"ಎಷ್ಟು ದಿನದಿಂದ ಈ ನಾಟಕ?"

"ಮೂರು ದಿನ."

ತಟ್ಟೆಯಲ್ಲಿ ಆಗಲೇ ಹನ್ನೊಂದು ಮಾತ್ರೆಗಳಿದ್ದವು. ಅಣ್ಣ ಅವನ್ನು ನೋಡಿ ನನ್ನ ಕಡೆ ತಿರುಗಿದರು. "ನೋಡಿ ಮೇಡಂ. ಹೆಂಡ್ತಿಗೆ ಸುಳ್ಳು, ನಿಮಗೆ ಸುಳ್ಳು, ಈಗ ನನಗೂ ಸುಳ್ಳು. ಆಸ್ಪತ್ರೆಯಿಂದ ನನ್ನ ತಂಗಿ, ಮಗು ಇಬ್ರೂ ನೇರ ನಮ್ಮ ಮನೆಗೆ ಬರ್ತಾರೆ. ಇವನ ಜೊತೆ ಬಿಡಲ್ಲ."

ಮೇಸ್ತ್ರಿ ಇನ್ನೊಂದು ಗಿಲಕಿ ಎತ್ತಿಕೊಂಡರು. ಬುಟ್ಟಿ ಖಾಲಿಯಾದಾಗ ತಟ್ಟೆಯಲ್ಲಿ ಹದಿನಾಲ್ಕು, ನೆಲಕ್ಕೆ ಬಿದ್ದಿದ್ದ ಎರಡು, ಮಗುವಿನ ಬಾಯಿಂದ ತೆಗೆದದ್ದು ಒಂದು. ಒಟ್ಟು ಹದಿನೇಳು.

ರಾಮನಗರದಿಂದ ಫೋನು ಬಂತು. ಕರ್ತವ್ಯದಲ್ಲಿದ್ದ ಡಾಕ್ಟರು ಮಾತಾಡಿದರು. "ಸಿಕ್ಕಿದ್ದು ಎಷ್ಟು ಅನ್ನೋದು ಅರ್ಧ ಲೆಕ್ಕ. ಒಟ್ಟು ಎಷ್ಟಿರಬೇಕಿತ್ತು ಹೇಳಿ. ಮಗು ಒಂದು ನುಂಗಿದೆಯೋ, ಐದು ನುಂಗಿದೆಯೋ ಅದರ ಮೇಲೆ ನಾನು ತೀರ್ಮಾನ ಮಾಡಬೇಕು. ಯಾವತ್ತಿನಿಂದ ನಿಲ್ಲಿಸಿದ್ದು?"

ಮೇಸ್ತ್ರಿಯನ್ನು ಕೇಳಿದೆ. "ಗೊತ್ತಿಲ್ಲ" ಎಂದರು. ಎಷ್ಟೋ ರಾತ್ರಿಗಳಿಂದ ನಿದ್ದೆಯಿಲ್ಲದ ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನನ್ನ ಕಡತದ ಪ್ರಕಾರ ಒಂದು ದಿನವೂ ತಪ್ಪಿಲ್ಲ. ಆ ತಾರೀಕು ಇದ್ದದ್ದು ಒಂದೇ ಕಡೆ, ಹೆಬ್ಬೆಟ್ಟು ಒತ್ತಿ ಮುಚ್ಚಿದ್ದ ಆ ಮೆಸೇಜಿನಲ್ಲಿ.

ಮಗುವಿಗೆ ಬೇಕಿದ್ದುದು ಬರೀ ಒಂದು ಸಂಖ್ಯೆ. ಹೊರಗೆ ಹೋಗಿ ಪಿಸುಮಾತಿನಲ್ಲಿ ಹೇಳಿದ್ದರೂ ಡಾಕ್ಟರಿಗೆ ಸಾಕಾಗುತ್ತಿತ್ತು. ಹಾಗೆ ಹೊರಗೆ ಹೋಗಲು ಎದ್ದೆ ಕೂಡ. ಬಾಗಿಲಿಗೆ ಅಡ್ಡವಾಗಿ ಅಣ್ಣ ನಿಂತಿದ್ದರು. ನೆಲದ ಮೇಲೆ ಮೇಸ್ತ್ರಿ ಒಡೆದ ಗಿಲಕಿಗಳ ನಡುವೆ, ಇಡೀ ಅಪರಾಧ ತನ್ನದೊಬ್ಬನದೇ ಎಂಬಂತೆ ಕೂತಿದ್ದರು. ನಾನು ಅಲ್ಲೇ ನಿಂತು, ಇಬ್ಬರಿಗೂ ಕೇಳುವಂತೆ ಹೇಳಿದೆ.

"ಹದಿನೆಂಟು ರಾತ್ರಿ ಸರ್. ಶುಕ್ರವಾರದಿಂದ. ನನಗೆ ಗೊತ್ತಿತ್ತು. ನರ್ಸ್ ಹದಿನೈದು ದಿನದ ಹಿಂದೆಯೇ ನನಗೆ ಬರೆದು ತಿಳಿಸಿದ್ದಳು. ಎದೆ ಉರಿಯುತ್ತೆ ಅಂತ ಇವರು ನನಗೆ ಎರಡು ಸಲ ಹೇಳಿದ್ದರು. ನಾನು ಡಾಕ್ಟರಿಗೆ ತಿಳಿಸಲಿಲ್ಲ."

"ಹಾಗಾದರೆ ಒಂದು ಸಿಕ್ಕಿಲ್ಲ" ಎಂದರು ಡಾಕ್ಟರು. ಮಿಕ್ಕಿದ್ದು ಅವರಿಗೆ ಆಗ ಬೇಕಿರಲಿಲ್ಲ.

ಅಣ್ಣನಿಗೆ ಬೇಕಿತ್ತು. ನನ್ನ ಕಡೆ ತಿರುಗಿದರು. "ಇವನು ಹೇಳಿದ್ದನಾ ನಿಮಗೆ?"

"ಹೇಳಿದ್ದರು."

ಅವರು ಒಳಗೆ ಹೋಗಿ ಹಿಟ್ಟಿನ ಜರಡಿ ತಂದು, ತಂಗಿಯ ಗಂಡನ ಪಕ್ಕ ಮಂಡಿಯೂರಿ, ಲೇತಿನ ಕೆಳಗಿನ ಮರದ ಹೊಟ್ಟನ್ನು ಜರಡಿ ಹಿಡಿಯತೊಡಗಿದರು. ಮೂವರೂ ಸೇರಿ ಇಡೀ ಕೋಣೆಯ ಹೊಟ್ಟು ಜರಡಿ ಹಿಡಿದೆವು. ಹದಿನೆಂಟನೆಯದು ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ಸಿಗದ ಮಾತ್ರೆಯನ್ನು ಮಗು ನುಂಗಿದೆ ಎಂದೇ ಲೆಕ್ಕ ಹಿಡಿದು ಆಸ್ಪತ್ರೆಯಲ್ಲಿ ನೋಡಿಕೊಂಡರು. ನಾವು ತಲುಪುವಾಗ ಮಗು ನಿದ್ದೆಯಲ್ಲಿತ್ತು. ಅದು ಮಧ್ಯಾಹ್ನದ ನಿದ್ದೆಯೋ ಮಾತ್ರೆಯ ನಿದ್ದೆಯೋ ಯಾರಿಗೂ ಹೇಳಲಾಗುತ್ತಿರಲಿಲ್ಲ. ಬೆರಳಿಗೆ ಸಿಕ್ಕಿಸಿದ ಯಂತ್ರದ ಅಂಕಿಯನ್ನು ನೋಡುತ್ತಾ ಕೂತೆವು. ಹಾಸಿಗೆಯ ಮೇಲೆ ಮಲಗಿಸಿದರೆ ಮಗು ಕೊಸರಾಡುತ್ತಿದ್ದುದರಿಂದ ತಾಯಿ ಸ್ವಲ್ಪ ಹೊತ್ತು, ನರ್ಸ್ ಸ್ವಲ್ಪ ಹೊತ್ತು ಎತ್ತಿಕೊಂಡರು. ಇಳಿಬಿದ್ದ ಆ ಪುಟ್ಟ ಕೈ ಅವಳ ಹೆಗಲ ಮೇಲಿರುವುದನ್ನು ನೋಡಿದಾಗ, ಅಂಥ ಹೊತ್ತಿನಲ್ಲೂ, 'ನನಗೆ ಯಾರೂ ಕೊಡಲಿಲ್ಲ' ಎನ್ನಿಸಿತು. ಸಣ್ಣತನ ಎಷ್ಟು ಗಟ್ಟಿ ಜೀವ ಎಂದು ಅವತ್ತು ತಿಳಿಯಿತು.

ಸಂಜೆ ಐದರ ಹೊತ್ತಿಗೆ ಮಗು ಕಣ್ಣು ಬಿಟ್ಟು, ಸುತ್ತಲಿದ್ದವರನ್ನೆಲ್ಲ ಒಂದು ಸಲ ನೋಡಿ, ವಾರ್ಡ್ ಕಿತ್ತುಹೋಗುವಂತೆ ಅತ್ತಿತು. ತಾಯಿ ನಕ್ಕು ಅತ್ತರು. "ಅಳ್ಳಿ ಬುಡಿ, ಇನ್ನೂ ಜೋರಾಗಿ ಅಳ್ಳಿ" ಎಂದಳು ನರ್ಸ್. ಮರುದಿನ ಬೆಳಗ್ಗೆ ಮನೆಗೆ ಕಳಿಸಿದರು. ಅಣ್ಣ ಆಟೋ ತಂದಿದ್ದರು. ಅದು ಅವರ ಮನೆಗಲ್ಲ, ತಂಗಿಯ ಮನೆಗೇ ಹೋಯಿತು.

ಗುರುವಾರ ಮನೋವೈದ್ಯರು ಮೇಸ್ತ್ರಿಯನ್ನು ಅರ್ಧ ಗಂಟೆ ಮಾತಾಡಿಸಿದರು. ಹೃದಯದ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಇಸಿಜಿ ಮಾಡಿಸಿದರು. ಆಮೇಲೆ ಕೇಳಿದ್ದು ತೀರ ಸಾಮಾನ್ಯ ಪ್ರಶ್ನೆಗಳು. ಊಟ ಎಷ್ಟು ಹೊತ್ತಿಗೆ? ಮಾತ್ರೆ ಎಷ್ಟು ಹೊತ್ತಿಗೆ? ಕೆಲಸಕ್ಕೆ ಹೇಗೆ ಕೂರುತ್ತೀರಿ? ಮೇಸ್ತ್ರಿ ನೆಲದ ಮೇಲೆ ಕೂತು ತೋರಿಸಿದರು. ಉಳಿಯ ಹಿಡಿ ಪಕ್ಕೆಗೆ ಒತ್ತಿ, ಹೊಟ್ಟೆ ಮಡಿಚಿ, ಲೇತಿನ ಮೇಲೆ ಬಾಗಿ. ಹೊಟ್ಟೆ ತುಂಬ ಉಂಡು, ಹೀಗೆ ಬಾಗಿ ಇನ್ನೊಂದಿಷ್ಟು ಕೆಲಸ ಮುಗಿಸಿ, ಮಾತ್ರೆ ನುಂಗಿ, ಅಲ್ಲೇ ಮಲಗುವುದು.

"ಮಾತ್ರೆಯಿಂದಲೂ ಬಂದಿರಬಹುದು. ಮಾತ್ರೆಯಿಂದ ತೂಕ ಹೆಚ್ಚಿದೆ, ಅದರಿಂದಲೂ ಇರಬಹುದು. ಹೀಗೆ ಬಾಗಿ ಕೂರೋದು ಸೇರಿ ಹೆಚ್ಚಾಗಿರಬಹುದು. ನೋಡೋಣ" ಎಂದರು ಡಾಕ್ಟರು. ಊಟ ಸಂಜೆಗೆ, ಊಟದ ಮೇಲೆ ಲೇತು ಇಲ್ಲ, ಮಲಗುವಾಗ ತಲೆಯ ಕಡೆ ಎತ್ತರ, ಬೆಳಗ್ಗೆ ಹೊಟ್ಟೆಯ ಆಮ್ಲಕ್ಕೆ ಒಂದು ಮಾತ್ರೆ. ಇಷ್ಟಕ್ಕೂ ಬಗ್ಗದಿದ್ದರೆ ಔಷಧಿಯನ್ನೇ ಬದಲಿಸೋಣ, ಆದರೆ ನನಗೆ ಹೇಳದೆ ನಿಲ್ಲಿಸಬೇಡಿ ಎಂದರು. ಮೇಸ್ತ್ರಿ ಕೂತು ಕೆಲಸ ಮಾಡುವುದನ್ನು ನಾನು ಎರಡು ವರ್ಷ ಎದುರಿಗೇ ಕೂತು ನೋಡಿದ್ದೆ.

ನಡೆದದ್ದನ್ನೆಲ್ಲ ಬರೆದು ನಮ್ಮ ಮೇಲಿನವರಿಗೆ ಕೊಟ್ಟೆ. ಸ್ಟ್ರಿಪ್ ತೋರಿಸುವ ನಿಯಮವನ್ನು ತೆಗೆಯಬೇಕೆಂದೂ, ಆ ಮನೆಯನ್ನು ನರ್ಸಿಗೆ ವಹಿಸಬೇಕೆಂದೂ ಕೇಳಿಕೊಂಡೆ. ಎರಡಕ್ಕೂ ಒಪ್ಪಿದರು. ಎರಡನೆಯದಕ್ಕೆ ಒಪ್ಪಲಿಕ್ಕಿಲ್ಲ ಎಂದು ಒಳಗೊಳಗೆ ಆಸೆಯಿತ್ತು.

ಹಸ್ತಾಂತರಕ್ಕೆಂದು ಕೊನೆಯ ಸಲ ಇಬ್ಬರೂ ಹೋದೆವು. ನಾನು ಬಾಗಿಲ ಬಳಿ ಕೂತೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅಣ್ಣ, ಈ ವಾರ ಉರಿ ಹೆಂಗೈತೆ?"

ಮೇಸ್ತ್ರಿ ಹೇಳತೊಡಗಿದರು. ಎರಡು ರಾತ್ರಿ ಇಲ್ಲ, ಮೂರನೇ ರಾತ್ರಿ ಒಸಿ ಇತ್ತು. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ಮಾತ್ರೆ ಬಿಟ್ಟಿದ್ದಾಗ ಕಿವಿಯಲ್ಲಿ ಯಾರು ಏನು ಹೇಳುತ್ತಿದ್ದರು, ಹೆಂಡತಿ ಬಡಿಸುವಾಗ ಅವಳ ಕೈಯನ್ನೇ ಯಾಕೆ ನೋಡುತ್ತಿದ್ದರು, ಮಾಡಿನ ಮೇಲೆ ಕೂತಿದ್ದ ಆ ಮೂರು ದಿನ ಕೆಳಗೆ ಏನು ಕಾಣುತ್ತಿತ್ತು. ಹೆಂಡತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಾಯಿ ಬಿಟ್ಟು ಕೇಳುತ್ತಿದ್ದರು. ಎರಡು ವರ್ಷದಲ್ಲಿ ನನಗೆ ಅವರು ಹೇಳಿದ್ದು ಬಹುಪಾಲು ಒಂದೇ ಮಾತು. "ಚೆನ್ನಾಗಿದೀನಿ ಮೇಡಂ."

ಹೊರಗೆ ಬಂದಾಗ ನರ್ಸ್ ಕೇಳಿದಳು. "ಮುಂದಿನ ವಾರ ನೀವೂ ಬತ್ತೀರ ಅಲ್ವಾ ಅಕ್ಕ?"

"ಇಲ್ಲ. ನೀನೊಬ್ಬಳೇ ಬಾ."

"ಯಾಕಕ್ಕ? ಬೇಜಾರಾ?"

"ನಿನಗಾದ್ರೆ ಹೇಳ್ತಾರೆ" ಎಂದೆ.

ಬ್ಯಾಗಿನಿಂದ ಮೇಸ್ತ್ರಿಯ ಕಡತ ತೆಗೆದು ಅವಳ ಮುಂದೆ ಹಿಡಿದೆ. ಅವಳು ಇನ್ನೊಂದು ತುದಿ ಹಿಡಿದುಕೊಂಡಳು. ನನ್ನ ಬೆರಳುಗಳು ಬಿಡಲಿಲ್ಲ. ಅವಳು ಎಳೆಯಲಿಲ್ಲ, ಹಾಗೇ ಹಿಡಿದುಕೊಂಡು ಕಾದಳು. ಆಮೇಲೆ ಬಿಟ್ಟೆ.